ಮಿಡಿಮಾವು ಮತ್ತು ಮೊದಲನೆಯ ನರ

ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಧಾರವಾಡದಿಂದ ಕುಮಟೆಗೆ ಬಂದ ಮೇಲೆ ನನಗೆ ಸಿಕ್ಕಿದ ಕೆಲಸವೆಂದರೆ, ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಮನುಷ್ಯನ ದೇಹದ ಬಗ್ಗೆ, ದೇಹದ ಹೆಚ್ಚಿನ ಭಾಗಗಳ ಹೆಸರು ಹೇಳದೆ, ಪಾಠ ಮಾಡುವುದು. ಹೆಡ್‌ಮಾಸ್ತರರು ಮೊದಲ ದಿನವೇ ಪುಸ್ತಕ ತೆರೆದು, ಯಾವ ಯಾವ ಪುಟಗಳನ್ನು ಹುಡುಗಿಯರು ಮನೆಯಲ್ಲೇ ಓದಿಕೊಳ್ಳಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟರು. ಗುರುತಿಲ್ಲದೆ ಉಳಿದದ್ದು ಬಹುಮಟ್ಟಿಗೆ ಕುತ್ತಿಗೆಯಿಂದ ಮೇಲಿನದು. ಹಾಗಾಗಿ ಆ ವರ್ಷ ನಾನು ಮಿದುಳನ್ನು ಕಲಿಸಿದಷ್ಟು ವಿಸ್ತಾರವಾಗಿ ಈ ಜಿಲ್ಲೆಯಲ್ಲಿ ಬೇರೆ ಯಾರೂ ಕಲಿಸಿರಲಾರರು.

ಒಂದು ದಿನ ಹೆಡ್‌ಮಾಸ್ತರರು ಪಾಠ ಕೇಳಲು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಐದು ನಿಮಿಷಕ್ಕೆ ಎದ್ದು ನಿಂತರು. "ಮಿದುಳು ಎಂದರೆ ಬುದ್ಧಿಯ ಭಂಡಾರ. ಗಂಡಸಿನ ಮಿದುಳು ತೂಕದಲ್ಲಿ ಹೆಚ್ಚು. ಇದನ್ನೂ ಬರೆದುಕೊಳ್ಳಿ" ಎಂದರು.

"ಆನೆಯದು ಇನ್ನೂ ಹೆಚ್ಚು, ಸರ್" ಎಂದೆ ನಾನು.

ಹುಡುಗಿಯರು ತಲೆ ತಗ್ಗಿಸಿ ಎರಡನ್ನೂ ಬರೆದುಕೊಂಡರು. ಹೆಡ್‌ಮಾಸ್ತರರು ಮತ್ತೆ ನನ್ನ ಪಾಠಕ್ಕೆ ಬರಲಿಲ್ಲ.

ಶಾಲೆಯಲ್ಲಿ ಮಿದುಳಿನದೊಂದು ಪಟವಿತ್ತು. ನಾಟಕದ ಪರದೆ ಬರೆಯುವವನೊಬ್ಬ ಅದನ್ನು ಬರೆದುಕೊಟ್ಟಿದ್ದ. ದೊಡ್ಡ ಮಿದುಳಿನ ಸುರುಳಿಗಳು ಗುಲಾಬಿ ಬಣ್ಣದ ಮೋಡಗಳಂತೆ ಕಾಣುತ್ತಿದ್ದವು, ಅವುಗಳ ನಡುವಿಂದ ಯಾವ ಗಳಿಗೆಯಲ್ಲಿ ನಾರದ ಇಳಿಯುತ್ತಾನೋ ಎನ್ನುವ ಹಾಗೆ. ಸಮತೋಲ ಕಾಯುವ ಚಿಕ್ಕ ಮಿದುಳನ್ನು ಬರೆಯಲು ಜಾಗ ಸಾಲದೆ ಬಿಟ್ಟುಬಿಟ್ಟಿದ್ದ. ಮಿದುಳಿನ ಅಡಿಯಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಏಳು ಮಾತ್ರ ಇದ್ದವು. ಇದನ್ನು ತೋರಿಸಿ ಪಾಠ ಮಾಡುವುದಕ್ಕಿಂತ ಕಣ್ಣು ಮುಚ್ಚಿಸಿ ಪಾಠ ಮಾಡುವುದು ವಾಸಿ ಎನ್ನಿಸಿತು.

ಶಾಲೆಯ ಜವಾನ ಭಟ್ಕಳದವರು, ವಯಸ್ಸಾದವರು. ಅಲ್ಲಿಯ ಕಸಾಯಿಯೊಬ್ಬ ಅವರ ಸಂಬಂಧಿಯಂತೆ. ಒಂದು ಗಾಜಿನ ಶೀಶೆಗೆ ಫಾರ್ಮಲಿನ್ ತುಂಬಿ ಅವರ ಕೈಗೆ ಕೊಟ್ಟೆ, ಆಡಿನ ಮಿದುಳು ಬೇಕೆಂದೆ.

"ತಲೆ ಪೂರಾ ಬೇಕಾ ಅಕ್ಕೋರೆ, ಬರೀ ಒಳಗಿಂದು ಸಾಕಾ?"

"ಒಳಗಿನದು. ಅಡಿಯ ನರಗಳು ಹರಿಯಬಾರದು."

"ಕಸಾಯಿಗೆ ಎಂತ ಗೊತ್ತು ನರದ ಸುದ್ದಿ! ಹೇಳಿ ನೋಡ್ತೆ. ನಮ್ಮ ಮನೆಲಿ ಇದನ್ನ ಈರುಳ್ಳಿ ಹಾಕಿ ಹುರೀತಾರೆ. ನೀವು ಓದ್ತ್ರಿ. ಅವರವರ ಹಸಿವು."

ಸೋಮವಾರ ಶೀಶೆ ಬಂತು. ಹೊನ್ನಾವರದ ಎದುರು ದಡದಲ್ಲಿ ಬಸ್ಸಿಂದ ಇಳಿದು, ದೋಣಿಯಲ್ಲಿ ಶರಾವತಿ ದಾಟಿ, ಈಚೆಯ ಬಸ್ಸು ಹತ್ತಿ, ಬಟ್ಟೆಯಲ್ಲಿ ಸುತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ದೋಣಿಯಲ್ಲಿ ಪಕ್ಕದಲ್ಲಿ ಕೂತವರು ಭಟ್ಕಳದ ಹಲ್ವಾನಾ ಎಂದು ಕೇಳಿದರಂತೆ. "ಹೌದು ಅಂದೆ ಅಕ್ಕೋರೆ. ಅಲ್ಲ ಅಂದ್ರೆ ಆಚೆ ದಡದವರೆಗೂ ಕತೆ ಹೇಳ್ಬೇಕಿತ್ತು." ಆ ಶಾಲೆಯಲ್ಲಿ ನಾನು ಮಾತಾಡಿಸಲು ಇಷ್ಟಪಡುತ್ತಿದ್ದ ಒಬ್ಬರೇ ಒಬ್ಬರು ಅವರು.

ಎರಡು ದಿನ ಪಾಠ ನಡೆಯಿತು. ಮೂರನೆಯ ದಿನ ಹೆಡ್‌ಮಾಸ್ತರರು, ಶಾಲೆ ಸರಸ್ವತಿಯ ಜಾಗ, ಇಲ್ಲಿ ಮಾಂಸ ಇಡುವಂತಿಲ್ಲ ಎಂದರು. ಭಂಡಾರವೆಂದು ಹೊಗಳಿದ್ದ ಅಂಗವೇ ಶೀಶೆಗೆ ಬಂದಕೂಡಲೆ ಮಾಂಸವಾಯಿತು. ಶೀಶೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮನೆಗೆ ತಂದು, ಜಗುಲಿಗೆ ತಾಗಿದ ಕೋಣೆಯಲ್ಲಿ ನನ್ನ ಪುಸ್ತಕಗಳ ಹಿಂದೆ ಇಟ್ಟೆ. ಆಯಿ, ಎಂದರೆ ನನ್ನ ಅಮ್ಮ, ಕೇಳಿದ್ದಕ್ಕೆ ಶಾಲೆಯ ಔಷಧ ಎಂದೆ. ಈರುಳ್ಳಿಯೂ ಒಳಗೆ ಬಾರದ ಮನೆ ನಮ್ಮದು.

ಇಲ್ಲಿ ಅತ್ತೆಯ ವಿಷಯ ಹೇಳಬೇಕು. ಅಪ್ಪಯ್ಯನ ಅಕ್ಕ. ನಾನು ಹುಟ್ಟುವ ಮೊದಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು, ಮಕ್ಕಳಿರಲಿಲ್ಲ. ಇಂಥವರನ್ನು ಮನೆಗಳು ಹೇಗೆ ಇಟ್ಟುಕೊಳ್ಳುತ್ತವೆ ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆಯನ್ನು ನಮ್ಮ ಮನೆ ಇಟ್ಟುಕೊಂಡದ್ದು ಅವಳ ಮೂಗಿಗಾಗಿ.

ಉಪ್ಪಿನಕಾಯಿಯ ಮಿಡಿಮಾವನ್ನು ನಮ್ಮ ಕಡೆ ಕಣ್ಣಿನಿಂದ ಆರಿಸುವುದಿಲ್ಲ. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ. ಅದರ ಘಮ ನೋಡಬೇಕು. ಜೀರಿಗೆಯ ಘಮದ್ದು, ಕರ್ಪೂರದ ಘಮದ್ದು ವರ್ಷಗಟ್ಟಲೆ ಕೆಡದೆ ಭರಣಿಯಲ್ಲಿ ಉಳಿಯುತ್ತದೆ. ಬರೀ ಕಾಡುಸೊನೆಯ ವಾಸನೆಯದ್ದು ಎಷ್ಟು ಚೆನ್ನಾಗಿ ಕಂಡರೂ ವ್ಯರ್ಥ. ಅತ್ತೆ ಒಂದು ಮಿಡಿ ಮೂಸಿ, ಅದು ಯಾವ ಊರಿನ ಯಾವ ಹಳ್ಳದ ಬದಿಯ ಮರದ್ದು ಎಂದು ಹೇಳುತ್ತಿದ್ದಳು. ಬೀದಿಯ ಎಲ್ಲ ಮನೆಗಳವರೂ ಬುಟ್ಟಿ ಹೊತ್ತವರನ್ನು ಮೊದಲು ನಮ್ಮ ಜಗುಲಿಗೆ ಕಳಿಸುತ್ತಿದ್ದರು. ವರ್ಷಕ್ಕೆ ಇಪ್ಪತ್ತು ದಿನ ಅತ್ತೆ ನ್ಯಾಯಾಧೀಶೆ. ಉಳಿದ ದಿನಗಳು ಆ ಇಪ್ಪತ್ತರ ಬಲದ ಮೇಲೆ ಸಾಗುತ್ತಿದ್ದವು.

ಹಿರೇಗುತ್ತಿಯಲ್ಲಿ ನನ್ನ ಚಿಕ್ಕಪ್ಪನ ಮನೆಯಿದೆ. ಕೊಟ್ಟಿಗೆ ತುಂಬ ದನ, ಸಾಲಾಗಿ ಮಕ್ಕಳು. ಅಕ್ಕನನ್ನು ಕಳಿಸು ಎಂದು ಅವರು ಆಗಾಗ ಕಾಗದ ಬರೆಯುತ್ತಿದ್ದರು. ಅದರ ಅರ್ಥ ಸೆಗಣಿ ಬಾಚಲು ಒಂದು ಜೊತೆ ಕೈ ಬೇಕು ಎಂದು. "ಅತ್ತಿಗೆ ಹೋದ್ರೆ ನಮ್ಮ ಉಪ್ಪಿನಕಾಯಿ ಗತಿ ಎಂತ?" ಎಂದು ಆಯಿ ಪ್ರತಿ ಸಲವೂ ತಡೆಯುತ್ತಿದ್ದಳು. ಅದು ಪ್ರೀತಿ ಎಂದು ನಾನು ಚಿಕ್ಕವಳಿದ್ದಾಗ ತಿಳಿದಿದ್ದೆ.

ಶೀಶೆ ಮನೆಗೆ ಬರುವುದಕ್ಕೆ ಮುಂಚೆ, ಆ ವರ್ಷದ ಮಾಘದಲ್ಲಿ, ಭರಣಿಗಳನ್ನು ಇಳಿಸಲು ಅಟ್ಟ ಹತ್ತಿದ ಅತ್ತೆ ಏಣಿಯ ಮೇಲಿನಿಂದ ಹಿಮ್ಮುಖವಾಗಿ ಬಿದ್ದಿದ್ದಳು. ತಲೆಯ ಹಿಂಭಾಗ ನೆಲಕ್ಕೆ ಬಡಿದಿತ್ತು. ನಮ್ಮ ಮನೆಯ ಡಾಕ್ಟರು ಬಂದು ಬೆರಳಿನಿಂದ ತಲೆಯನ್ನು ತಟ್ಟಿ, "ಬುರುಡೆ ಗಟ್ಟಿ ಇದೆ" ಎಂದು ಹೇಳಿ, ಚಹಾ ಕುಡಿದು ಹೋದರು. ಮೂರು ದಿನ ಮಲಗಿದ್ದು ಅತ್ತೆ ಎದ್ದಳು. ಮಿಡಿ ಬರುವ ಹೊತ್ತಿಗೆ ಜಗುಲಿಯಲ್ಲಿ ಕೂತಿದ್ದಳು. ಆ ಸಲ ಬಹಳ ಹೊತ್ತು ಮೂಸಿದಳು, ಎಲ್ಲವೂ ಚೆನ್ನಾಗಿದೆ ಎಂದಳು. ಒಂದು ಬುಟ್ಟಿಯನ್ನೂ ವಾಪಸು ಕಳಿಸಲಿಲ್ಲ. ಬುದ್ಧಿಯ ಭಂಡಾರಗಳು ನಮ್ಮ ಬೀದಿಯಲ್ಲಿ ಎಷ್ಟೋ ಇದ್ದವು, ನನ್ನದೂ ಸೇರಿ. ಒಂದಕ್ಕೂ ಏನೂ ಹೊಳೆಯಲಿಲ್ಲ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಶೀಶೆಯ ಮುಚ್ಚಳ ತೆಗೆದು ಫಾರ್ಮಲಿನ್ ತುಂಬಿಸುತ್ತಿದ್ದೆ. ಆ ವಾಸನೆಗೆ ನಾನೇ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಅತ್ತೆ ಒಳಗೆ ಬಂದಳು.

"ಕಣ್ಣು ಉರೀತು ಕೂಸೇ. ಎಂತಕ್ಕೆ?" ಎಂದಳು. ಆಮೇಲೆ ಶೀಶೆ ಕಂಡಳು.

ನಾನು ಸುಳ್ಳು ಹೇಳಲಿಲ್ಲ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು, ಮಡಿಯಲ್ಲಿದ್ದಳು. ಆದರೆ ಹೋಗಲಿಲ್ಲ.

"ಸುಲಿದ ಹಲಸಿನ ಬೇಳೆ ಒತ್ತಿ ಇಟ್ಟ ಹಾಂಗೆ ಇದ್ದು," ಎಂದಳು. "ಇಷ್ಟೇಯಾ? ಇದರಲ್ಲೇ ಎಲ್ಲಾ ಇರ್ತಾ?"

ನಾನು ಉತ್ಸಾಹದಿಂದ ಹೇಳತೊಡಗಿದೆ. ದೊಡ್ಡ ಮಿದುಳು, ಚಿಕ್ಕ ಮಿದುಳು, ಉಸಿರಾಟವನ್ನು ನಡೆಸುವ ಕೆಳಗಿನ ಕಾಂಡ. ಶೀಶೆಯನ್ನು ಓರೆಮಾಡಿ, ಮುಂಭಾಗದ ಅಡಿಯಲ್ಲಿದ್ದ ಎರಡು ಪುಟ್ಟ ಗಡ್ಡೆಗಳನ್ನು ತೋರಿಸಿದೆ. ಮೊದಲನೆಯ ನರ ಇಲ್ಲಿಗೆ ಬರುತ್ತದೆ, ವಾಸನೆಯದ್ದು. ಮೂಗಿನ ಚಾವಣಿಗೆ ಜರಡಿಯಂಥ ಒಂದು ತೆಳು ಮೂಳೆ ಇದೆ; ಅದರ ತೂತುಗಳಿಂದ ಕೂದಲಿಗಿಂತ ಸಪೂರದ ಎಳೆಗಳು ಮೇಲೆ ಹತ್ತಿ ಈ ಗಡ್ಡೆ ಸೇರುತ್ತವೆ. ಮಿದುಳು ನೀರಿನಲ್ಲಿ ತೇಲುವ ಹಾಗೆ ಇರುತ್ತದೆ. ತಲೆಗೆ ಹಿಂದಿನಿಂದ ಪೆಟ್ಟಾದರೆ ಅದು ಮುಂದಕ್ಕೆ ಜಾರುತ್ತದೆ. ಆಗ ಎಳೆಗಳು ಹರಿದುಹೋಗುವುದುಂಟು.

"ಹರಿದ್ರೆ ಮತ್ತೆ ಕೂಡ್ತಾ?"

"ಇಲ್ಲ. ಸಾಮಾನ್ಯವಾಗಿ ಇಲ್ಲ," ಎಂದೆ, ತರಗತಿಯಲ್ಲಿ ಹೇಳುವ ದನಿಯಲ್ಲಿ. ಹೇಳಿ, ಎರಡನೆಯ ನರಕ್ಕೆ ಹೋದೆ. ಅದು ಕಣ್ಣಿನದು.

ಅತ್ತೆ ಅದನ್ನೂ ಕೇಳಿಸಿಕೊಂಡಳು. "ಆಯಿಗೆ ಹೇಳಡ, ಗಲಾಟೆ ಮಾಡ್ತು," ಎಂದು ಹೇಳಿ ಒಳಗೆ ಹೋದಳು.

ಹೆಡ್‌ಮಾಸ್ತರರ ಬಗ್ಗೆ, ಪಟ ಬರೆದವನ ಬಗ್ಗೆ ಇಷ್ಟೆಲ್ಲ ಬರೆದಿದ್ದೇನೆ. ಆ ಮಧ್ಯಾಹ್ನದ ನನ್ನ ಬಗ್ಗೆ ಬರೆಯಲು ಅದಕ್ಕಿಂತ ಕಠಿಣವಾದ ಮಾತು ಬೇಕು, ಸಿಗುತ್ತಿಲ್ಲ. ಹನ್ನೆರಡು ನರಗಳ ಹೆಸರನ್ನೂ ಕೆಲಸವನ್ನೂ ತಪ್ಪಿಲ್ಲದೆ ಹೇಳಬಲ್ಲವಳು, ಎದುರು ನಿಂತವಳ ಒಂದು ಪ್ರಶ್ನೆಯನ್ನು ಪರೀಕ್ಷೆಯ ಪ್ರಶ್ನೆ ಎಂದು ತಿಳಿದೆ.

ಮಳೆ ಹಿಡಿದ ಮೇಲೆ ಹೊಸ ಭರಣಿಗಳನ್ನು ತೆರೆದರು. ಉಪ್ಪು ಸರಿ, ಖಾರ ಸರಿ, ಸಾಸಿವೆಯ ಘಾಟು ಸರಿ. ಘಮ ಮಾತ್ರ ಇಲ್ಲ. ಕಾಡುಸೊನೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಮ್ಮ ಮನೆಯದು ಮಾತ್ರವಲ್ಲ, ಬೀದಿಯ ಅಷ್ಟೂ ಭರಣಿಗಳದು. ಒಂದು ವಾರದಲ್ಲಿ ಐದಾರು ಹೆಂಗಸರು ಬಟ್ಟಲಲ್ಲಿ ಮಾದರಿ ಹಿಡಿದುಕೊಂಡು ಬಂದು ಹೋದರು. ಯಾರೂ ಜಗಳವಾಡಲಿಲ್ಲ, ಬಟ್ಟಲನ್ನು ಜಗುಲಿಯ ಮೇಲಿಟ್ಟು ಹವೆಯ ಬಗ್ಗೆ ಮಾತಾಡಿದರು, ಅಷ್ಟೆ. ಆ ವಾರವೇ ಹಿರೇಗುತ್ತಿಯಿಂದ ಮತ್ತೊಂದು ಕಾಗದ ಬಂತು. ಈ ಸಲ ಆಯಿ ಅದನ್ನು ಓದಿಸಿಕೊಂಡು, ಮಡಿಸಿ, ತೆಗೆದಿಟ್ಟಳು. ಬೇಡವೆನ್ನಲಿಲ್ಲ.

ಅಪ್ಪಯ್ಯನ ಕೆಮ್ಮು ನೋಡಲು ಡಾಕ್ಟರು ಬಂದ ದಿನ ಆಯಿ ಎಲ್ಲರೆದುರೇ ಹೇಳಿದಳು: "ಅತ್ತಿಗೆಗೆ ಮೂಗೇ ಹೋಜು ಕಾಣ್ತು. ಮೊನ್ನೆ ಹಾಲು ತಳ ಹಿಡಿದು ಹೊಗೆ ಬಂದ್ರೂ ಪಕ್ಕದಲ್ಲೇ ಕೂತಿತ್ತು. ಒಂಚೂರು ನೋಡಿ ಡಾಕ್ಟ್ರೇ."

ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಕೈ ಚೌಕಟ್ಟನ್ನು ಹಿಡಿದಿತ್ತು.

"ಎಂತ ಅಮ್ಮ, ಮೂಗು ಕೈಕೊಡ್ತಾ?" ಎಂದು ಡಾಕ್ಟರು ನಕ್ಕು, ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದರು. ತಲೆತಿರುಗಿ ಬಿದ್ದವರಿಗೆ ಹಿಡಿಯುವ ಅಮೋನಿಯಾ. ಬಿರಡೆ ಕಿತ್ತು ಅವಳ ಮೂಗಿನ ಕೆಳಗೆ ಹಿಡಿದರು. "ಹೂಂ, ಜೋರಾಗಿ ಉಸಿರೆಳೀರಿ."

ಅತ್ತೆ ಉಸಿರೆಳೆದಳು. ತಲೆ ಗೋಡೆಗೆ ಬಡಿಯುವಷ್ಟು ಹಿಂದಕ್ಕೆ ಸರಿದಳು. ಎರಡೂ ಕಣ್ಣಲ್ಲಿ ನೀರು. "ಅಯ್ಯೋ, ಉರಿ! ಕೊಲ್ತ್ರಾ ಡಾಕ್ಟ್ರೇ?"

"ನೋಡಿದ್ರಾ? ಫಸ್ಟ್ ಕ್ಲಾಸ್ ಮೂಗು! ನನ್ನ ಮೂಗಿಗಿಂತ ಚುರುಕು," ಎಂದು ಡಾಕ್ಟರು ಬಾಟಲಿ ಮುಚ್ಚಿದರು.

ಅಮೋನಿಯಾ ಮೊದಲನೆಯ ನರದ್ದಲ್ಲ. ಅದು ಐದನೆಯದನ್ನು ಕುಟುಕುತ್ತದೆ. ಮುಖದ, ಕಣ್ಣಿನ, ಮೂಗಿನ ಒಳಚರ್ಮದ ನೋವು, ಉರಿ, ಚುರುಕು ಎಲ್ಲ ಆ ನರದ ಕೆಲಸ. ಮೆಣಸಿನ ಖಾರ, ಸಾಸಿವೆಯ ಘಾಟು ಕೂಡ ಅದರದ್ದೇ. ವಾಸನೆ ಪೂರ್ತಿ ಹೋದವರೂ ಅಮೋನಿಯಾಕ್ಕೆ ಬೆಚ್ಚುತ್ತಾರೆ. ಮೊದಲನೆಯ ನರವನ್ನು ಪರೀಕ್ಷಿಸಲು ಕಣ್ಣು ಮುಚ್ಚಿಸಿ ಒಂದು ಚಿಟಿಕೆ ಕಾಫಿಪುಡಿ ಹಿಡಿದರೆ ಸಾಕು. ಇದು ಪುಸ್ತಕದಲ್ಲಿ ಇರುವ ಮಾತು. ಆ ಪುಸ್ತಕವನ್ನು ನಾನು ಓದಿದ್ದೆ; ಡಾಕ್ಟರು ಓದಿರಬೇಕಿತ್ತು. ನಮ್ಮ ಅಡಿಗೆಮನೆಯಲ್ಲಿ ಆಗತಾನೆ ಹುರಿದು ಪುಡಿಮಾಡಿದ ಕಾಫಿ ಡಬ್ಬಿ ತುಂಬ ಇತ್ತು.

ಅತ್ತೆ ವಾಸನೆ ಎನ್ನಲಿಲ್ಲ, ಉರಿ ಎಂದಳು. ಬೇಸಿಗೆಯ ಆ ಮಧ್ಯಾಹ್ನವೂ ಕಣ್ಣು ಉರಿಯುತ್ತದೆ ಎಂದಿದ್ದಳೇ ಹೊರತು ವಾಸನೆ ಎಂದಿರಲಿಲ್ಲ. ಏಣಿ, ತಲೆಯ ಹಿಂಭಾಗ, ಹರಿದರೆ ಮತ್ತೆ ಕೂಡುತ್ತದಾ ಎನ್ನುವ ಪ್ರಶ್ನೆ, ಎಲ್ಲವೂ ಆಗ ಒಟ್ಟಿಗೆ ತಿಳಿಯಿತು. ನಾನು ಬಾಯಿ ತೆರೆದೆ. ಅತ್ತೆ ಒದ್ದೆ ಕಣ್ಣಿನಿಂದ ನನ್ನನ್ನು ನೋಡಿದಳು. ನಾನು ಬಾಯಿ ಮುಚ್ಚಿದೆ.

"ಮೂಗು ಸರಿ ಇದ್ರೆ ಉಪ್ಪಿನಕಾಯಿಗೆ ಎಂತ ಆತು?" ಎಂದಳು ಆಯಿ.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಎನಗೆ ಹೇಳಲೆ ಮನಸ್ಸಿಲ್ಲೆ. ಕೂಸಿನ ಕೋಣೆಲಿ ಒಂದು ಶೀಶೆ ಇದ್ದು. ಪುಸ್ತಕದ ಹಿಂದೆ. ಆಡಿನ ತಲೆದು. ಅದು ಮನೆಲಿ ಇದ್ರೆ ಭರಣಿಲಿ ಘಮ ಎಲ್ಲಿ ನಿಲ್ತು?"

ಆಮೇಲಿನ ಅರ್ಧ ಗಂಟೆಯನ್ನು ವಿವರಿಸುವುದಿಲ್ಲ. ಡಾಕ್ಟರು ಪಾಶ್ಚಾತ್ಯ ವೈದ್ಯಶಾಸ್ತ್ರ ಕಲಿತವರು, ತಲೆಯಾಡಿಸಿ, "ಹಾಗೂ ಆಗ್ತದೆ, ಹಳಬರ ಮಾತನ್ನ ತೆಗೆದುಹಾಕಲಿಕ್ಕೆ ಬರುವುದಿಲ್ಲ" ಎಂದರು ಎಂಬುದನ್ನು ಮಾತ್ರ ಬರೆದಿಡುತ್ತೇನೆ. ಬೀದಿಯ ಮೂವತ್ತು ಭರಣಿಗಳ ಘಮವನ್ನು ಬಿಗಿದ ಮುಚ್ಚಳದೊಳಗಿನ ಮುಷ್ಟಿಗಾತ್ರದ ಒಂದು ಆಡಿನ ಮಿದುಳು ಗೋಡೆಗಳನ್ನು ದಾಟಿ ಹೀರಿಬಿಟ್ಟಿತು ಎನ್ನುವುದನ್ನು ಸಂಜೆಯೊಳಗೆ ಎಲ್ಲರೂ ನಂಬಿದರು. ನಂಬಲು ಅವರಿಗೆ ಯಾವ ಕಷ್ಟವೂ ಆಗಲಿಲ್ಲ. ಜೀವಂತ ಆಡಿಗೆ ಎಂದೂ ಸಾಧ್ಯವಾಗದ ಕೆಲಸ.

ಅಪ್ಪಯ್ಯ ಶೀಶೆಯನ್ನು ಕೊಡೆಯ ಹಿಡಿಗೆ ನೇತುಹಾಕಿಕೊಂಡು, ಮಳೆಯಲ್ಲಿ ನೆನೆಯುತ್ತ, ಹಳ್ಳಕ್ಕೆ ಹೋಗಿ ಬಿಟ್ಟು ಬಂದರು. ಮಾರನೆಯ ದಿನ ಭಟ್ಟರು ಬಂದು ಮನೆ ಶುದ್ಧಿ ಮಾಡಿದರು. ನನಗೆ ಪಂಚಗವ್ಯ ಕುಡಿಸಿದರು. ಹಾಲು, ಮೊಸರು, ತುಪ್ಪದ ಬಗ್ಗೆ ನನ್ನ ಆಕ್ಷೇಪವಿಲ್ಲ. ಉಳಿದೆರಡನ್ನು ನಾಲಗೆಯ ಹಿಂಭಾಗದ ರುಚಿ ತಿಳಿಸುವ ಒಂಬತ್ತನೆಯ ನರ ಸರಿಯಾಗಿಯೇ ವರದಿ ಮಾಡಿತು. ಹೊಟ್ಟೆಯವರೆಗೆ ಇಳಿಯುವ ಹತ್ತನೆಯದು ಅದನ್ನು ಒಪ್ಪಲಿಲ್ಲ; ಹಿತ್ತಿಲಿಗೆ ಓಡಿದೆ. ದೋಷ ಹೊರಗೆ ಹೋಯಿತು ಎಂದು ಭಟ್ಟರು ಸಂತೋಷಪಟ್ಟರು.

ಎರಡು ದಿನ ನಾನು ಅತ್ತೆಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅವಳು ನನ್ನ ಕೋಣೆಯ ಹೊಸ್ತಿಲ ಮೇಲೆ ಬಂದು ಕೂತಳು, ಕೈಯಲ್ಲಿ ಬಸಳೆಯ ಕಟ್ಟು.

"ಕೋಪ ಬಂತಾ ಕೂಸೇ?"

"ಶೀಶೆಯ ವಿಷಯ ಹೇಳಬೇಡ ಎಂದವಳು ನೀನೇ."

"ಹೌದು. ಅದನ್ನ ತೆಗೆದಿಟ್ಟಿದ್ದೆ, ಬೇಕಾದಾಗ ಇರಲಿ ಅಂತ." ಬಸಳೆಯ ಎಲೆಗಳನ್ನು ಒಂದೊಂದೇ ಕಿತ್ತಳು. "ನೀನು ಎಂತಕ್ಕೆ ಬಾಯಿ ಮುಚ್ಚಿದೆ? ಡಾಕ್ಟ್ರ ಹತ್ರ ಹೇಳ್ಲಕ್ಕಾಗಿತ್ತು."

ನಾನು ಬಸಳೆಯ ಒಂದು ದಂಟು ಎತ್ತಿಕೊಂಡು ಎಲೆ ಬಿಡಿಸತೊಡಗಿದೆ.

"ನೀನು ಸಂಬಳ ತತ್ತೆ," ಎಂದಳು. "ಆನು ಎಂತ ತತ್ತೆ? ನಿನ್ನ ಶೀಶೆ ಹೋದ್ರೆ ಭಟ್ಕಳದಿಂದ ಇನ್ನೊಂದು ಬತ್ತು. ಆನು ಹಿರೇಗುತ್ತಿಗೆ ಹೋದ್ರೆ ವಾಪಸ್ ಬತ್ನಿಲ್ಲೆ."

ಅದರಲ್ಲಿ ತಪ್ಪು ಹುಡುಕಲು ಪ್ರಯತ್ನಿಸಿದೆ, ಸಿಗಲಿಲ್ಲ. ಆ ಇಡೀ ಪ್ರಕರಣದಲ್ಲಿ ಮಿದುಳನ್ನು ಉಪಯೋಗಿಸಿದವಳು ಅವಳೊಬ್ಬಳೇ.

"ಏನೂ ಬರುವುದಿಲ್ಲವಾ? ಸ್ವಲ್ಪವೂ?" ಎಂದು ಕೇಳಿದೆ.

"ಅನ್ನ ಬೇಯೋದು ಸದ್ದಿಂದ ಗೊತ್ತಾಗ್ತು. ತುಪ್ಪ ಕಾಯೋದು ಬಣ್ಣದಿಂದ. ದೇವರ ಮುಂದೆ ಹೂವು ಇಡ್ತೆ, ಕಾಗದದ ಹೂವು ಇಟ್ಟ ಹಾಂಗೆ ಆಗ್ತು." ಎದ್ದು ನಿಂತಳು. "ಬಪ್ಪ ವರ್ಷ ಮಿಡಿ ಬಂದಾಗ ನೀನು ರಜೆ ಹಾಕು."

ಹಾಕಿದೆ. ಆ ವರ್ಷ ಹುಡುಗಿಯರಿಗೆ ಮಿದುಳನ್ನು ಸೀಮೆಸುಣ್ಣದಿಂದ ಬರೆದೇ ಕಲಿಸಿದ್ದೆ. ಇನ್ನೊಂದು ಶೀಶೆ ತರಿಸುವ ಧೈರ್ಯ ನನಗಿರಲಿಲ್ಲ. ಫಾಲ್ಗುಣದಲ್ಲಿ ಮೊದಲ ಬುಟ್ಟಿ ನಮ್ಮ ಜಗುಲಿಗೆ ಬಂತು. ಬೀದಿಯ ಹೆಂಗಸರು ಹಿಂದಿನ ವರ್ಷದ ಅನುಮಾನವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ಅತ್ತೆ ಮಿಡಿ ಎತ್ತಿ, ತೊಟ್ಟು ಮುರಿದು, ಕಣ್ಣು ಅರ್ಧ ಮುಚ್ಚಿ, ಹಿಂದೆ ಎಂದೂ ಮೂಸದಷ್ಟು ದೀರ್ಘವಾಗಿ ಮೂಸಿದಳು. ಆಮೇಲೆ ನನ್ನ ಮೂಗಿಗೆ ಹಿಡಿದಳು.

"ನೀನೂ ನೋಡು. ಕಲಿ. ಓದಿದ್ದು ಇಲ್ಲಿಗೆ ಬತ್ತಿಲ್ಲೆ."

ಹೆಂಗಸರು ನಕ್ಕರು. ನಾನು ಮೂಸಿದೆ. ಅವಳು ನನ್ನ ಮುಖ ನೋಡಿದಳು. ಅಲ್ಲಿ ಅವಳಿಗೆ ಏನೂ ಕಾಣಲಿಲ್ಲ. ಮುಖದ ಸ್ನಾಯುಗಳನ್ನು ಆಡಿಸುವುದು ಏಳನೆಯ ನರ. ಚಿಕ್ಕಂದಿನಿಂದ ನಾನು ಅದಕ್ಕೆ ಕೆಲಸ ಕೊಟ್ಟವಳಲ್ಲ. ಮನಸ್ಸಿನಲ್ಲಿರುವುದು ಮುಖದಲ್ಲಿ ಕಾಣದಿರುವುದೇ ನನ್ನ ದೊಡ್ಡ ಗುಣ ಎಂದುಕೊಂಡಿದ್ದೆ.

ಅತ್ತೆ ನನ್ನ ಕಡೆ ಬಾಗಿ, ಮಿಡಿಯ ಸೊನೆ ಒರೆಸುವ ನೆಪದಲ್ಲಿ, ಕಿವಿಯ ಹತ್ತಿರ ಹೇಳಿದಳು: "ಮುಖ ಅಲ್ಲಾಡ್ಸು ಮಾರಾಯ್ತಿ. ಕಲ್ಲು ನಿಂತ ಹಾಂಗೆ ನಿಲ್ಲಡ."

ಮತ್ತೆ ಮೂಸಿದೆ. ಕಾಡುಸೊನೆ. ಮೂಗು ಸುಕ್ಕಿಸಿ ಹುಬ್ಬು ಗಂಟಿಕ್ಕಿದೆ, ಅಷ್ಟು ಜನರೆದುರು.

"ಇದು ಬ್ಯಾಡ, ತಗಂಡು ಹೋಗು," ಎಂದಳು ಅತ್ತೆ.

ಬುಟ್ಟಿಯವಳು ಬುಟ್ಟಿ ಎತ್ತಿಕೊಂಡು, "ನಿಮ್ಮ ಮೂಗಿಗೆ ಹೆದ್ರಿ ಒಳ್ಳೇದನ್ನ ಕೆಳಗೆ ಇಟ್ಟಿದ್ದೆ ಅಮ್ಮ," ಎಂದು ನಗುತ್ತ ಅಡಿಯಿಂದ ಇನ್ನೊಂದು ಮಿಡಿ ತೆಗೆದಳು. ಅದರ ತೊಟ್ಟು ಮುರಿದಾಗ ಇಡೀ ಜಗುಲಿಗೆ ಜೀರಿಗೆಯ ಘಮ ಹರಡಿತು. ನನಗೆ ನಗು ಬಂತು. ಅದನ್ನು ತಡೆಯಲಿಲ್ಲ.

ಮಳೆಗಾಲದಲ್ಲಿ ಭರಣಿಗಳನ್ನು ತೆರೆದಾಗ ಬೀದಿಯಲ್ಲೆಲ್ಲ ಘಮ. ಆಡಿನ ಶೀಶೆ ಹೋದದ್ದೇ ಘಮ ವಾಪಸು ಬಂತು ಎಂದು ಎಲ್ಲರೂ ಹೇಳಿದರು. ಆಯಿ ಹೇಳಿದಳು, ಡಾಕ್ಟರು ಹೇಳಿದರು, ಒಂದು ಸಣ್ಣ ಬಾಟಲಿ ಉಪ್ಪಿನಕಾಯಿ ಪಡೆದ ಹೆಡ್‌ಮಾಸ್ತರರೂ ಹೇಳಿದರು. ಇದಕ್ಕಿಂತ ಬಲವಾದ ಸಾಕ್ಷಿ ಬೇಕೆ ಎಂದು ಅವರು ನನ್ನನ್ನೇ ಕೇಳಿದರು. ನಾನು ಬೇಡ ಎಂದೆ.

ಚಿಕ್ಕಪ್ಪನ ಕಾಗದಗಳು ಈಗಲೂ ಬರುತ್ತವೆ. ಆಯಿ ಮೊದಲಿನಂತೆ ಬೇಡವೆಂದು ಬರೆಸುತ್ತಾಳೆ. ಬರೆಯುವವಳು ನಾನೇ.